ಹೆಣ್ಣುಮಕ್ಕಳದೇ ಮೇಲುಗೈ: ಒಂದು ಶೀರ್ಷಿಕೆಯ ವಿಮರ್ಶೆ

ಕನ್ನಡ ಪತ್ರಿಕೆಗಳ ಕೆಲವು ಶೀರ್ಷಿಕೆಗಳಿಗೆ ವರದಿಗಾರ ಬೇಕಾಗಿಲ್ಲ, ಕ್ಯಾಲೆಂಡರ್ ಇದ್ದರೆ ಸಾಕು. ಗೌರಿ ಹಬ್ಬದ ಹಿಂದಿನ ದಿನ ಹೂವಿನ ದರ ಗಗನಕ್ಕೇರುತ್ತದೆ, ಜೂನ್ ಮೊದಲ ವಾರ ಮುಂಗಾರು ಕೈಕೊಡುತ್ತದೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಹೆಣ್ಣುಮಕ್ಕಳು ಮೇಲುಗೈ ಸಾಧಿಸುತ್ತಾರೆ. ಮೊದಲಿನ ಎರಡು ಒಮ್ಮೊಮ್ಮೆ ಸುಳ್ಳಾಗುವುದುಂಟು, ಮೂರನೆಯದು ಸುಳ್ಳಾಗುವುದಿಲ್ಲ. 2022ರಲ್ಲಿ ಬಾಲಕಿಯರು ಶೇ 90.29, ಬಾಲಕರು ಶೇ 81.30. 2023ರಲ್ಲಿ 87.87 ಮತ್ತು 80.08. 2024ರಲ್ಲಿ 81.11 ಮತ್ತು 65.90. 2025ರಲ್ಲಿ 74 ಮತ್ತು 58.07. ಒಟ್ಟು ಫಲಿತಾಂಶ ವರ್ಷದಿಂದ ವರ್ಷಕ್ಕೆ ಕುಸಿದರೂ ಇಬ್ಬರ ನಡುವಿನ ಅಂತರ ಮಾತ್ರ 2023ರಿಂದ 2025ರ ಎರಡು ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಇಷ್ಟು ನಿಜವಾದ ಶೀರ್ಷಿಕೆಯ ಮೇಲೆ ತಕರಾರು ಏನಿರಲು ಸಾಧ್ಯ? ಶೀರ್ಷಿಕೆ ಒಂಟಿಯಾಗಿದ್ದರೆ ಇರುತ್ತಿರಲಿಲ್ಲ. ಅದರ ಹಿಂದೆ ಇಡೀ ಒಂದು ಆಚರಣೆಯೇ ಇದೆ. ಸಚಿವರ ಪತ್ರಿಕಾಗೋಷ್ಠಿ, ಜಿಲ್ಲೆಗಳ ಸ್ಥಾನಪಟ್ಟಿ, ಬಾಯಿಗೆ ಪೇಡ ಹಿಡಿದ ಅಮ್ಮನ ಫೋಟೊ, ಸರ್ಕಲ್ಲಿನಲ್ಲಿ ಫ್ಲೆಕ್ಸ್, ಸಮುದಾಯ ಭವನದಲ್ಲಿ ಪ್ರತಿಭಾ ಪುರಸ್ಕಾರ. ಹದಿನೈದು ಹದಿನಾರರ ಹುಡುಗಿಯರ ಬಗ್ಗೆ ಈ ನಾಡು ವರ್ಷಕ್ಕೊಮ್ಮೆ ಒಟ್ಟಾಗಿ ಮಾತಾಡುವ ಹೊತ್ತು ಇದೊಂದೇ. ಹಾಗಾಗಿ ಆ ದಿನ ಏನು ಹೇಳುತ್ತೇವೆ, ಏನು ಹೇಳದೆ ಬಿಡುತ್ತೇವೆ ಎಂಬುದನ್ನು ಒಂದು ಕೃತಿಯನ್ನು ಓದುವ ಹಾಗೆ ಓದಿ ನೋಡಬೇಕಾಗಿದೆ.

ಮೊದಲು ಲೆಕ್ಕವನ್ನೇ ನೋಡೋಣ. 2025ರ ಮೇ 2ರಂದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಎಸ್ಸೆಸ್ಸೆಲ್ಸಿಯ ಆ ವರ್ಷದ ಮೊದಲ ಪರೀಕ್ಷೆ, ಅಂದರೆ ಪರೀಕ್ಷೆ-1ರ ಫಲಿತಾಂಶ ಪ್ರಕಟಿಸಿತು. ಪರೀಕ್ಷೆ ಬರೆದ ಬಾಲಕಿಯರು 4,00,579, ಪಾಸಾದವರು 2,96,438. ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದು 1,04,141. ಹೆಣ್ಣುಮಕ್ಕಳು ಮೇಲುಗೈ ಸಾಧಿಸಿದರೆಂದು ರಾಜ್ಯವೆಲ್ಲ ಓದಿದ ಆ ಬೆಳಿಗ್ಗೆ ಒಂದು ಲಕ್ಷಕ್ಕೂ ಹೆಚ್ಚು ಹುಡುಗಿಯರು ಫೇಲಾಗಿ ಮನೆಯಲ್ಲಿ ಕೂತಿದ್ದರು. ಈ ಸಂಖ್ಯೆಯನ್ನು ಯಾರೂ ಬಚ್ಚಿಡಲಿಲ್ಲ. ಮಂಡಳಿಯೇ ಕೊಟ್ಟ ಅಂಕಿಅಂಶದಲ್ಲಿ ಒಂದು ಕಳೆಯುವ ಲೆಕ್ಕ ಮಾಡಿದರೆ ಸಿಗುವಂಥದ್ದು. ಆದರೆ ಎಲ್ಲರೂ ಗೆದ್ದಿರುವಾಗ ಸೋತವರ ಲೆಕ್ಕ ಹಿಡಿಯುವ ಮನಸ್ಸು ಯಾರಿಗೂ ಬರುವುದಿಲ್ಲ.

ಫೇಲಾದ ಹುಡುಗನಿಗೆ ಅವತ್ತು ಜೊತೆಗಾರರಾದರೂ ಇರುತ್ತಾರೆ. 'ಗಂಡುಹುಡುಗರೇ ಹಾಗೆ, ಪುಸ್ತಕ ಮುಟ್ಟಲ್ಲ' ಎಂಬ ಸಿದ್ಧ ಸಮಾಧಾನವೂ ಇರುತ್ತದೆ. ಫೇಲಾದ ಹುಡುಗಿಗೆ ಆ ಸಮಾಧಾನ ಸಿಗುವುದಿಲ್ಲ. ಹೆಣ್ಣುಮಕ್ಕಳೆಲ್ಲ ಓದುತ್ತಾರಂತೆ, ಇವಳೊಬ್ಬಳಿಗೆ ಏನಾಗಿತ್ತು? ಪಕ್ಕದ ಮನೆಯವರು, ಅತ್ತೆ, ಚಿಕ್ಕಪ್ಪ, ಯಾರು ಕೇಳಿದರೂ ಪ್ರಶ್ನೆ ಇದೇ. ಒಬ್ಬಳ ಸೋಲನ್ನು ಅವಳ ಇಡೀ ಕುಲಕ್ಕೇ ಅಪವಾದವಾಗಿ ಕಾಣಿಸುವ ಕೆಲಸವನ್ನು ಆ ಮೆಚ್ಚುಗೆಯ ಶೀರ್ಷಿಕೆಯೇ ಮಾಡಿರುತ್ತದೆ.

ಇನ್ನು ಗೆದ್ದವರ ಸಂದರ್ಶನ. ಟಾಪರ್ ಸಂದರ್ಶನ ಎಂಬುದು ಕನ್ನಡ ಪತ್ರಿಕೋದ್ಯಮದಲ್ಲಿ ತನ್ನದೇ ವ್ಯಾಕರಣ ಇರುವ ಒಂದು ಪ್ರಕಾರ. ದಿನಕ್ಕೆ ಎಷ್ಟು ಗಂಟೆ ಓದುತ್ತಿದ್ದೆ, ಟ್ಯೂಷನ್ ಇತ್ತೇ, ಮೊಬೈಲ್ ನೋಡುತ್ತಿದ್ದೆಯಾ, ಮುಂದೆ ಏನಾಗಬೇಕು: ನಾಲ್ಕೇ ಪ್ರಶ್ನೆ. ಉತ್ತರಗಳೂ ನಾಲ್ಕೇ. ಬೆಳಗಿನ ಜಾವ ಎದ್ದು ಓದುತ್ತಿದ್ದೆ, ಟಿವಿ ನೋಡಲೇ ಇಲ್ಲ, ಮೊಬೈಲ್ ಮುಟ್ಟಲಿಲ್ಲ, ಡಾಕ್ಟರ್ ಆಗಿ ಬಡವರ ಸೇವೆ ಮಾಡಬೇಕು ಇಲ್ಲವೇ ಐಎಎಸ್ ಅಧಿಕಾರಿಯಾಗಬೇಕು. ಈ ಉತ್ತರಗಳಲ್ಲಿ ಮುಕ್ಕಾಲು ಪಾಲು ತಾನು ಏನನ್ನು ಮಾಡಲಿಲ್ಲ ಎಂಬ ಪಟ್ಟಿ. ಹಬ್ಬಕ್ಕೆ ಹೋಗಲಿಲ್ಲ, ಮದುವೆಗೆ ಹೋಗಲಿಲ್ಲ, ಆಟ ಬಿಟ್ಟೆ, ನಿದ್ದೆ ಬಿಟ್ಟೆ. ಹುಡುಗಿಯರ ಸಾಧನೆಯನ್ನು ಅವರು ಬಿಟ್ಟುಕೊಟ್ಟದ್ದರಿಂದ ಅಳೆಯುವುದು ನಮ್ಮ ಹಳೆಯ ರೂಢಿ. ಹಿಂದೆ ಉಪವಾಸ ವ್ರತಕ್ಕೆ ಇದ್ದ ಮರ್ಯಾದೆ ಈಗ ಸ್ಟಡಿ ಟೈಮ್‌ಟೇಬಲ್ಲಿಗೆ ಬಂದಿದೆ. ಪರೀಕ್ಷೆಯ ಹಿಂದಿನ ರಾತ್ರಿ ಭಯವಾಗಿತ್ತೇ, ಆಗ ಯಾರ ಹತ್ತಿರ ಹೇಳಿಕೊಂಡೆ ಎಂದು ಕೇಳಿದ ಸಂದರ್ಶನ ಕಣ್ಣಿಗೆ ಬೀಳುವುದು ಅಪರೂಪ.

ಫೋಟೊ ಕೂಡ ಹಾಗೆಯೇ. ಫ್ಲೆಕ್ಸ್‌ನ ನಡುವೆ ಪಾಸ್‌ಪೋರ್ಟ್ ಅಳತೆಯಿಂದ ಹಿಗ್ಗಿಸಿದ, ಅಂಚು ಮಸುಕಾದ ಹುಡುಗಿಯ ಮುಖ. ಎರಡು ಜಡೆ, ರಿಬ್ಬನ್ನು, ಯೂನಿಫಾರ್ಮಿನ ಕಾಲರ್ ಗುಂಡಿ ಮೇಲಿನವರೆಗೆ ಹಾಕಿದ್ದು. ಕೆಳಗೆ ಕೆಂಪು ಅಕ್ಷರದಲ್ಲಿ 625ಕ್ಕೆ ಇಷ್ಟು. ಸುತ್ತ ಕೈಮುಗಿದ ಮುಖಂಡರು, ಅವರ ಮುಖಗಳು ಅವಳಿಗಿಂತ ದೊಡ್ಡವು. ಖಾಸಗಿ ಶಾಲೆಯದಾದರೆ ಮುಖಂಡರ ಜಾಗದಲ್ಲಿ 'ಪ್ರವೇಶ ಪ್ರಾರಂಭ' ಮತ್ತು ಎರಡು ಮೊಬೈಲ್ ನಂಬರು. ಮಳೆಗಾಲ ಬರುವವರೆಗೆ ಆ ಮುಖ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನೇತಾಡುತ್ತದೆ. ಅದರ ಕೆಳಗೇ ನಿಂತು ಬಸ್ಸು ಕಾಯುವ ಮುಂದಿನ ವರ್ಷದ ಹತ್ತನೆಯ ತರಗತಿಯ ಹುಡುಗಿ ಬೇಡವೆಂದರೂ ಆ ಅಂಕವನ್ನು ದಿನಕ್ಕೆರಡು ಬಾರಿ ಓದುತ್ತಾಳೆ.

ಆ ಅಂಕವೂ ಏರುತ್ತಾ ಹೋಗಿ ಈಗ ತುದಿ ಮುಟ್ಟಿದೆ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರರಂತೆ 500, ಒಟ್ಟು 625. ಒಂದೂ ಕಳೆಯದೆ ಪೂರ್ತಿ ಪಡೆದವರು 2022ರಲ್ಲಿ 145 ಮಂದಿ, 2023ರಲ್ಲಿ ನಾಲ್ವರು, 2024ರಲ್ಲಿ ಒಬ್ಬಳೇ, 2025ರಲ್ಲಿ 22. ಪೂರ್ಣಾಂಕ ಸಾಧ್ಯವಾದ ಮೇಲೆ 620 ಬಂದವಳ ಮನೆಯಲ್ಲೂ 'ಐದು ಅಂಕ ಎಲ್ಲಿ ಹೋಯಿತು' ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಪತ್ರಿಕೆಯ ಫೋಟೊಕಾಪಿಗೆ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವವರಲ್ಲಿ ಫೇಲಾದವರಷ್ಟೇ ಇರುವುದಿಲ್ಲ. ಒಂದೆರಡು ಅಂಕಕ್ಕೆ ಹಟ ಹಿಡಿದವರೂ ಆ ಸಾಲಿನಲ್ಲಿ ಇರುತ್ತಾರೆ.

ಹಾಗೆಂದು ಈ ಆಚರಣೆಯನ್ನು ಪೂರ್ತಿ ತಳ್ಳಿಹಾಕುವುದು ನಗರದಲ್ಲಿ ಕೂತವರಿಗೆ ಸುಲಭ. 2024ರಲ್ಲಿ ರಾಜ್ಯದಲ್ಲಿ ಒಬ್ಬಳೇ 625 ಪಡೆದ ಹುಡುಗಿ ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು, ರೈತನ ಮಗಳು. ಲಕ್ಷಗಟ್ಟಲೆ ಫೀಸಿನ ಶಾಲೆಗಳ ಜಾಹೀರಾತಿನ ನಡುವೆ ಸರ್ಕಾರಿ ವಸತಿ ಶಾಲೆಯ ಹೆಸರು ಮುಖಪುಟಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಅಂಥ ಒಂದು ಸುದ್ದಿ ಸುತ್ತಲ ಹತ್ತು ಹಳ್ಳಿಗಳಲ್ಲಿ 'ಹೆಣ್ಣುಮಗಳನ್ನು ಹಾಸ್ಟೆಲ್ಲಿಗೆ ಯಾಕೆ ಕಳಿಸಬೇಕು' ಎನ್ನುವವರ ಬಾಯಿ ಮುಚ್ಚಿಸುತ್ತದೆ. ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಕಸ್ತೂರಬಾ ವಿದ್ಯಾಲಯಗಳ ಸೀಟಿಗೆ ಅರ್ಜಿ ಹಿಡಿದು ಬರುವ ತಂದೆಯರಿಗೆ ಇಂಥ ಫೋಟೊಗಳು ಧೈರ್ಯ ಕೊಟ್ಟಿವೆ. ಶೀರ್ಷಿಕೆಯ ಪುಣ್ಯದ ಖಾತೆಯಲ್ಲಿ ಇದನ್ನು ಬರೆಯಲೇಬೇಕು.

ಪ್ರಶ್ನೆ ಇರುವುದು ಆ ಅಂಕ ತಯಾರಾಗುವ ಬಗೆಯಲ್ಲಿ. ಹೆಣ್ಣುಮಕ್ಕಳು ಯಾಕೆ ಮುಂದಿದ್ದಾರೆ ಎಂದು ಕೇಳಿದರೆ ಸಿಗುವ ಉತ್ತರ 'ಅವರು ಶಿಸ್ತಿನಿಂದ ಓದುತ್ತಾರೆ' ಎಂಬುದು. ಈ ಶಿಸ್ತು ಹುಟ್ಟುಗುಣವೋ, ಶಾಲೆಯೇ ಹೇರಿದ್ದೋ?

ಯಾವುದೇ ಊರಿನ ಎಂಟನೆಯ ತರಗತಿಗೆ ಹೋಗಿ ನೋಡಬಹುದು. ಮೇಷ್ಟ್ರು ಆಫೀಸಿಗೆ ಹೋಗುವ ಮುನ್ನ ಚಾಕ್‌ಪೀಸನ್ನು ಲೀಡರ್ ಹುಡುಗಿಯ ಕೈಗೆ ಕೊಡುತ್ತಾರೆ. ಅವಳು ಬೋರ್ಡಿನ ಮೂಲೆಯಲ್ಲಿ 'ಮಾತಾಡಿದವರು' ಎಂದು ಬರೆದು ಗೆರೆ ಎಳೆದು, ಕೆಳಗೆ ಹೆಸರುಗಳನ್ನು ಏರಿಸುತ್ತಾಳೆ. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಇಂಟು, ಇನ್ನೂ ಮಾತಾಡಿದರೆ ಎರಡು ಇಂಟು. ಹೆಸರು ಬರೆಸಿಕೊಂಡ ಹುಡುಗರು ಬೆತ್ತಕ್ಕೆ ಕೈ ಚಾಚಿ ಐದು ನಿಮಿಷದಲ್ಲಿ ಮರೆಯುತ್ತಿದ್ದ ಕಾಲ ಹೋಗಿದೆ. ಈಗ ಬೈಗುಳಕ್ಕೆ ಮುಗಿಯುತ್ತದೆ. ಹೆಸರು ಬರೆದವಳಿಗೆ ಹಾಗಲ್ಲ. ಬರೆಯದಿದ್ದರೆ ಮೇಷ್ಟ್ರಿಗೆ ಸಿಟ್ಟು, ಬರೆದರೆ ಗೆಳತಿಯರಿಗೆ ಸಿಟ್ಟು. ಊಟದ ಹೊತ್ತಿಗೆ ಅವಳ ಡಬ್ಬಿಯ ಪಕ್ಕ ಯಾರೂ ಕೂರುವುದಿಲ್ಲ. 'ಟೂ' ಬಿಟ್ಟವರು ವಾರಗಟ್ಟಲೆ ಮಾತಾಡುವುದಿಲ್ಲ. ಹುಡುಗರ ಜಗಳ ಮೈದಾನದಲ್ಲಿ ಎಲ್ಲರ ಕಣ್ಣಿಗೆ ಕಾಣುತ್ತದೆ, ಪಿಟಿ ಮೇಷ್ಟ್ರು ಬಂದು ಬಿಡಿಸುತ್ತಾರೆ. ಹುಡುಗಿಯರ ನಡುವಿನ ಈ ಮೌನದ ಬಹಿಷ್ಕಾರ ಯಾವ ಶಾಲೆಯ ದಾಖಲೆಯಲ್ಲೂ ಇರುವುದಿಲ್ಲ. ತರಗತಿ ಸದ್ದಿಲ್ಲದೆ ಇದೆ ಎಂದು ಹೆಡ್‌ಮಾಸ್ಟರು ಸಂತೋಷಪಟ್ಟುಕೊಂಡು ಮುಂದೆ ಹೋಗುತ್ತಾರೆ.

ಹತ್ತನೆಯ ತರಗತಿಗೆ ಬಂದರೆ ಶಿಸ್ತಿನ ಸ್ವರೂಪ ಬದಲಾಗುತ್ತದೆ. ಬೆಳಿಗ್ಗೆ ಸ್ಪೆಷಲ್ ಕ್ಲಾಸ್, ಸಂಜೆ ಗುಂಪು ಅಧ್ಯಯನ, ಮೂರು ಪೂರ್ವಸಿದ್ಧತಾ ಪರೀಕ್ಷೆ, ತಾಯಂದಿರ ಸಭೆ, ಶಿಕ್ಷಕರಿಂದ ಮನೆ ಭೇಟಿ. ನಿಧಾನ ಕಲಿಕೆಯವರೆಂದು ಗುರುತಿಸಿದ ಮಕ್ಕಳನ್ನು ಶಿಕ್ಷಕರಿಗೆ 'ದತ್ತು' ಕೊಡುತ್ತಾರೆ, ಅವರ ಕೈಗೆ 'ಪಾಸಿಂಗ್ ಪ್ಯಾಕೇಜ್' ಎಂಬ ಸಣ್ಣ ಪುಸ್ತಕ ಬರುತ್ತದೆ. ಹಲವು ಜಿಲ್ಲೆಗಳಲ್ಲಿ ಶಿಕ್ಷಕರು ಬೆಳಗಿನ ಐದಕ್ಕೆ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುತ್ತಾರೆ. ಇದರಲ್ಲಿ ಶಿಕ್ಷಕರ ಶ್ರಮ ಎಷ್ಟಿದೆ ಎಂದು ಗೊತ್ತಿದ್ದವರು ಅವರನ್ನು ದೂರಲಾರರು. ಅವರ ಮೇಲೂ ಜಿಲ್ಲೆಯ ಸ್ಥಾನದ ಒತ್ತಡ ಇದೆ, ಫಲಿತಾಂಶ ಬಿದ್ದರೆ ನೋಟಿಸ್ ಬರುತ್ತದೆ. ಆದರೆ ಐದು ಗಂಟೆಯ ಆ ಫೋನಿಗೆ ಏಳುವವರು ಯಾರು? ಹುಡುಗ ಹೊದ್ದುಕೊಂಡು ಮಗ್ಗುಲಾದರೆ ಮನೆಯವರು ಸುಮ್ಮನಿರುತ್ತಾರೆ. ಹುಡುಗಿ ಎದ್ದೇ ಏಳುತ್ತಾಳೆ. ಎದ್ದಮೇಲೆ ಅಂಗಳಕ್ಕೆ ನೀರು ಹಾಕುವುದು, ರಂಗೋಲಿ, ತಮ್ಮನ ಸ್ನಾನ ಇವೂ ಅವಳ ಪಾಲಿಗೇ ಇರುತ್ತವೆ. ಶಿಸ್ತು ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಆಸಕ್ತಿ, ಎಷ್ಟು ಪಾಲು ಹೆದರಿಕೆ ಎಂದು ಬೇರ್ಪಡಿಸಿ ನೋಡುವ ತಾಳ್ಮೆ ಅಂಕಪಟ್ಟಿಗಿಲ್ಲ.

ಹೊರದೇಶಗಳಲ್ಲಿ ಈ ಪ್ರಶ್ನೆಯನ್ನು ಮಕ್ಕಳಿಗೇ ಕೇಳಿದ್ದಾರೆ. ಹದಿನೈದು ವರ್ಷದ ಮಕ್ಕಳ ಮೇಲೆ ನಡೆಯುವ 'ಪೀಸಾ' ಸಮೀಕ್ಷೆಯ 2015ರ ಸುತ್ತಿನಲ್ಲಿ, ಚೆನ್ನಾಗಿ ತಯಾರಾಗಿದ್ದರೂ ಪರೀಕ್ಷೆ ಎಂದರೆ ಬಹಳ ಆತಂಕವಾಗುತ್ತದೆ ಎಂದವರು ಹುಡುಗಿಯರಲ್ಲಿ ಸರಾಸರಿ ಶೇ 64, ಹುಡುಗರಲ್ಲಿ ಶೇ 47. ಭಾರತ ಆ ಸುತ್ತಿನಲ್ಲಿ ಇರಲಿಲ್ಲ. ನಮ್ಮಲ್ಲಿ ಎನ್‌ಸಿಇಆರ್‌ಟಿ 2022ರಲ್ಲಿ ಆರರಿಂದ ಹನ್ನೆರಡನೆಯ ತರಗತಿವರೆಗಿನ 3.79 ಲಕ್ಷ ಮಕ್ಕಳನ್ನು ಮಾತಾಡಿಸಿದಾಗ ಶೇ 81ರಷ್ಟು ಮಂದಿ ಓದು, ಪರೀಕ್ಷೆ, ಫಲಿತಾಂಶಗಳನ್ನೇ ತಮ್ಮ ಆತಂಕದ ಕಾರಣವೆಂದು ಹೇಳಿದರು. 'ಚೆನ್ನಾಗಿ ತಯಾರಾಗಿದ್ದರೂ' ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಓದದೆ ಹೆದರುವುದು ಸಹಜ. ಓದಿಯೂ ಹೆದರುವುದೆಂದರೆ ಆ ಹೆದರಿಕೆ ಪ್ರಶ್ನೆಪತ್ರಿಕೆಯದಲ್ಲ.

ಹಾಗಾದರೆ ಯಾವುದರದು? ಕರ್ನಾಟಕದ ಮಟ್ಟಿಗೆ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು. ಅದಕ್ಕೂ ನಾಲ್ಕೈದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 21.4 ಇತ್ತು, ಅಂದರೆ ಇಳಿದಿದೆ ಎನ್ನುವ ಹಾಗೂ ಇಲ್ಲ. ಎಷ್ಟೋ ಮನೆಗಳಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಎಂದರೆ ಒಂದು ಕರಾರು ಮುಗಿಯುವ ದಿನ. ಪಾಸಾದರೆ ಪಿಯುಸಿ, ಒಳ್ಳೆಯ ಅಂಕ ಬಂದರೆ ಸೈನ್ಸು, ಫೇಲಾದರೆ 'ಗಂಡು ನೋಡೋಣ'. ಹಳ್ಳಿಯಲ್ಲಿ ಪಿಯು ಕಾಲೇಜು ಇಲ್ಲದಿದ್ದರೆ ಪೇಟೆಗೆ ಬಸ್ಸಿನಲ್ಲಿ ಹೋಗಬೇಕು, ಬಸ್ಸಿನಲ್ಲಿ ಹೋಗಲು ಅಪ್ಪ ಒಪ್ಪಬೇಕು, ಅಪ್ಪ ಒಪ್ಪಲು ಶೇ 85 ಬರಬೇಕು. ಹುಡುಗನಿಗೆ ಅಂಕ ಮುಂದಿನ ಕಾಲೇಜನ್ನು ತೀರ್ಮಾನಿಸುತ್ತದೆ. ಹುಡುಗಿಗೆ ಅದು ಮುಂದೆ ಕಾಲೇಜು ಇದೆಯೋ ಇಲ್ಲವೋ ಎಂಬುದನ್ನೇ ತೀರ್ಮಾನಿಸಬಹುದು. ಹೀಗಿರುವಾಗ ಅವಳು ಹೆಚ್ಚು ಓದುತ್ತಾಳೆ ಎಂದು ನಾವು ಬೆರಗುಪಡುತ್ತೇವೆ, ಚಪ್ಪಾಳೆಯನ್ನೂ ತಟ್ಟುತ್ತೇವೆ.

2025ರ ಇದೇ ಫಲಿತಾಂಶದ ಬೆನ್ನಿಗೇ ಬಾಗಲಕೋಟೆಯಿಂದ ಒಂದು ಸುದ್ದಿ ಬಂತು. ಆರೂ ವಿಷಯಗಳಲ್ಲಿ ಫೇಲಾದ ಮಗನನ್ನು ಬೈಯುವ ಬದಲು ಅಪ್ಪ ಅಮ್ಮ ಕೇಕ್ ತರಿಸಿ ಕತ್ತರಿಸಿದರು, ಪರೀಕ್ಷೆಯಲ್ಲಿ ಸೋತರೆ ಜೀವನದಲ್ಲಿ ಸೋತಂತಲ್ಲ ಎಂದು ಹುರಿದುಂಬಿಸಿದರು. ದೇಶವೆಲ್ಲ ಅದನ್ನು ಹಂಚಿಕೊಂಡು ಮೆಚ್ಚಿತು. ಮೆಚ್ಚಬೇಕಾದದ್ದೇ, ಅಂಥ ತಂದೆತಾಯಿ ಎಲ್ಲರಿಗೂ ಸಿಗಲಿ. ಆದರೆ ಅದೇ ವರ್ಷ ಒಂದು ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳು ಫೇಲಾದ ರಾಜ್ಯದಲ್ಲಿ ಮಗಳಿಗೆ ಇಂಥ ಕೇಕ್ ಕತ್ತರಿಸಿದ ಸುದ್ದಿ ಆ ವಾರ ಹಾಗೆ ಊರೂರು ಸುತ್ತಲಿಲ್ಲ.

ಹುಡುಗಿಯ ಶಾಲಾದಿನದಲ್ಲಿ ಪಾಠಪುಸ್ತಕದ ಹೊರಗಿನ ಪರೀಕ್ಷೆಗಳೂ ಇವೆ. ಜಡೆ ಎರಡಿದೆಯೇ, ವೇಲು ಪಿನ್ ಮಾಡಿದೆಯೇ, ಲಂಗ ಎಷ್ಟು ಉದ್ದ, ಹುಡುಗರ ಜೊತೆ ಕಾರಿಡಾರಿನಲ್ಲಿ ಎಷ್ಟು ಹೊತ್ತು ನಿಂತಳು. ಕರಾವಳಿಯ ಊರುಗಳಲ್ಲಾದರೆ ಸಹಪಾಠಿ ಯಾವ ಧರ್ಮದವನು ಎಂಬುದೂ ಸೇರಿಕೊಳ್ಳುತ್ತದೆ. ಮುಟ್ಟಿನ ದಿನಗಳಲ್ಲಿ ಮೂರು ಗಂಟೆಯ ಪರೀಕ್ಷೆ ಬರೆಯಬೇಕಾದವಳಿಗೆ ನೀರಿರುವ, ಚಿಲಕವಿರುವ ಶೌಚಾಲಯ ಇದೆಯೇ ಎಂಬುದು ತ್ರಿಕೋನಮಿತಿಗಿಂತ ಕಷ್ಟದ ಪ್ರಶ್ನೆ. ಸರ್ಕಾರಿ ಶಾಲೆಗಳ ಹುಡುಗಿಯರಿಗೆ ಸ್ಯಾನಿಟರಿ ಪ್ಯಾಡ್ ಕೊಡುವ 'ಶುಚಿ' ಯೋಜನೆ 2013-14ರಲ್ಲಿ ಶುರುವಾಯಿತು. ಕೋವಿಡ್ ಹೊತ್ತಿಗೆ ನಿಂತದ್ದು ಮತ್ತೆ ಆರಂಭವಾಗಲು ಕೆಲವು ವರ್ಷಗಳೇ ಹಿಡಿದವು. ಆ ವರ್ಷಗಳಲ್ಲೂ ಹೆಣ್ಣುಮಕ್ಕಳು ಮೇಲುಗೈ ಸಾಧಿಸಿದರೆಂಬ ಶೀರ್ಷಿಕೆ ತಪ್ಪಲಿಲ್ಲ.

ಇದಕ್ಕಿಂತ ಗಂಭೀರವಾದದ್ದು 2022. ಆ ವರ್ಷದ ಫೆಬ್ರುವರಿ 5ರಂದು ತರಗತಿಯಲ್ಲಿ ಹಿಜಾಬ್‌ಗೆ ಎಡೆಯಿಲ್ಲದಂತೆ ಸಮವಸ್ತ್ರದ ಬಗ್ಗೆ ಸರ್ಕಾರಿ ಆದೇಶ ಬಂತು, ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, ಎರಡೇ ವಾರದಲ್ಲಿ, ಮಾರ್ಚ್ 28ಕ್ಕೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಆರಂಭವಾಯಿತು. ಹಿಜಾಬ್ ತೆಗೆದು ಒಳಗೆ ಹೋಗಬೇಕೋ, ತೆಗೆಯದೆ ಹೊರಗುಳಿಯಬೇಕೋ ಎಂಬ ತೀರ್ಮಾನವನ್ನು ಹದಿನಾರರ ಹುಡುಗಿಯರು ಶಾಲೆಯ ಗೇಟಿನಲ್ಲಿ, ಟಿವಿ ಕ್ಯಾಮೆರಾಗಳ ಎದುರು ಮಾಡಬೇಕಾಗಿ ಬಂತು. ಒಂದು ಕಡೆ ಶಾಲೆ, ಇನ್ನೊಂದು ಕಡೆ ಮನೆ ಮತ್ತು ಜಮಾತು, ನಡುವೆ ಕೇಸರಿ ಶಾಲು ಹಾಕಿ ಘೋಷಣೆ ಕೂಗುವ ಸಹಪಾಠಿಗಳು. ಏಪ್ರಿಲ್‌ನಲ್ಲಿ ದ್ವಿತೀಯ ಪಿಯು ಪರೀಕ್ಷೆಯ ಮೊದಲ ದಿನ ಉಡುಪಿಯಲ್ಲಿ, ಹಿಜಾಬ್ ಪರವಾಗಿ ಹೈಕೋರ್ಟಿಗೆ ಹೋಗಿದ್ದ ಇಬ್ಬರು ವಿದ್ಯಾರ್ಥಿನಿಯರು ಪರೀಕ್ಷೆ ಬರೆಯದೆ ವಾಪಸಾದರು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅಷ್ಟರಲ್ಲಿ ಆ ಶೈಕ್ಷಣಿಕ ವರ್ಷ ಮುಗಿದೇ ಹೋಗಿತ್ತು. ಆ ವರ್ಷದ ಎಸ್ಸೆಸ್ಸೆಲ್ಸಿಯಲ್ಲಿ ಬಾಲಕಿಯರ ಫಲಿತಾಂಶ ಶೇ 90.29, ಮೇಲೆ ಕೊಟ್ಟ ನಾಲ್ಕು ವರ್ಷಗಳಲ್ಲೇ ಅತಿ ಹೆಚ್ಚು. ಶೇಕಡಾವಾರು ಲೆಕ್ಕ ಹಾಕುವುದು ಪರೀಕ್ಷೆ ಬರೆದವರ ಮೇಲೆ. ಗೇಟಿನಿಂದ ಹಿಂತಿರುಗಿದವರು ಛೇದದಲ್ಲೂ ಇರುವುದಿಲ್ಲ, ಅಂಶದಲ್ಲೂ ಇರುವುದಿಲ್ಲ.

ಒಳಗೆ ಒಡೆದಿದ್ದರೂ ಹೊರಗೆ ಅಚ್ಚುಕಟ್ಟಾಗಿ ಕಾಣುವ ಹೆಣ್ಣು ಕನ್ನಡ ಓದುಗರಿಗೆ ಹೊಸಬಳಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿ ಅರವತ್ತು ವರ್ಷಗಳ ಹಿಂದೆಯೇ ಅಂಥವರನ್ನು ಕಾದಂಬರಿಯ ನಡುಮನೆಗೆ ತಂದು ಕೂರಿಸಿದ್ದರು. 'ಶರಪಂಜರ'ದ ಕಾವೇರಿಯನ್ನು ಪುಟ್ಟಣ್ಣನವರ ಸಿನಿಮಾದಲ್ಲಿ ಕಂಡು ಕಣ್ಣೀರು ಹಾಕದ ಮನೆಗಳಿರಲಿಲ್ಲ. ಆದರೆ ಆ ಕಣ್ಣೀರು ಗೃಹಿಣಿಗೆ ಮೀಸಲಾಯಿತು. ಹೈಸ್ಕೂಲ್ ಹುಡುಗಿಗೂ ಅಂಥದ್ದೊಂದು ಮನಸ್ಸು ಇರಬಹುದು ಎಂಬುದನ್ನು ನಮ್ಮ ಸಿನಿಮಾ, ಧಾರಾವಾಹಿಗಳು ಪ್ರೇಮಪ್ರಕರಣದ ಮೂಲಕವಲ್ಲದೆ ಬೇರೆ ದಾರಿಯಲ್ಲಿ ಹೆಚ್ಚು ಹುಡುಕಿಲ್ಲ.

ಪರಿಹಾರದ ಪ್ರಯತ್ನಗಳೇ ಇಲ್ಲವೆನ್ನುವಂತಿಲ್ಲ. ಸಿಬಿಎಸ್ಇ ಅನಾರೋಗ್ಯಕರ ಪೈಪೋಟಿ ತಪ್ಪಿಸುವುದಕ್ಕೆಂದು ಮೆರಿಟ್ ಪಟ್ಟಿ ಪ್ರಕಟಿಸುವುದನ್ನು ಕೈಬಿಟ್ಟಿತು. ತಮಾಷೆಯೆಂದರೆ, 2024ರಲ್ಲಿ ಹನ್ನೆರಡನೆಯ ತರಗತಿಯ ಬಾಲಕಿಯರು ಶೇ 91.52 ಪಡೆದು ಬಾಲಕರಿಗಿಂತ 6.40 ಅಂಶ ಮುಂದಿದ್ದಾರೆ ಎಂಬುದನ್ನು ಮಾತ್ರ ಅದೇ ಮಂಡಳಿ ಹೆಮ್ಮೆಯಿಂದ ಪ್ರಕಟಿಸಿತು. ಒಬ್ಬೊಬ್ಬರನ್ನು ಹೋಲಿಸುವುದು ತಪ್ಪು, ಇಡೀ ಗುಂಪನ್ನು ಎದುರುಬದುರು ನಿಲ್ಲಿಸಿ ಹೋಲಿಸಿದರೆ ಸರಿ ಎಂಬುದು ಯಾವ ತರ್ಕವೋ.

ಕರ್ನಾಟಕ ಮಾಡಿದ ಒಂದು ಕೆಲಸ ಇದಕ್ಕಿಂತ ಗಟ್ಟಿಯಾದದ್ದು. 2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಗೆ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು. 'ಪೂರಕ ಪರೀಕ್ಷೆ' ಎಂಬ ಹಣೆಪಟ್ಟಿ ಹೋಗಿ ಪರೀಕ್ಷೆ-1, 2, 3 ಎಂದಾಯಿತು. ಮೂರರಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದನ್ನೇ ಉಳಿಸಿಕೊಳ್ಳಬಹುದಾಯಿತು. ಮೇ ತಿಂಗಳಲ್ಲಿ ಫೇಲಾದ ಹುಡುಗಿಗೆ ಮನೆಯಲ್ಲಿ 'ಇನ್ನೊಂದು ಪರೀಕ್ಷೆ ಇದೆ, ಬರೀತೀನಿ' ಎಂದು ಹೇಳಲು ಒಂದು ಮಾತು ಸಿಕ್ಕಿತು. ಗಂಡು ನೋಡುವ ಮಾತು ಒಂದಷ್ಟು ದಿನ ಮುಂದೆ ಹೋಯಿತು. ಶಿಕ್ಷಕರ ಬೇಸಿಗೆ ರಜೆ ಹಾಳಾಯಿತೆಂಬ ದೂರು ಇದೆ, ಅದರಲ್ಲಿ ನ್ಯಾಯವೂ ಇದೆ. ಆದರೂ ಇತ್ತೀಚಿನ ವರ್ಷಗಳ ಸುಧಾರಣೆಗಳಲ್ಲಿ ಹುಡುಗಿಯರ ಮನಸ್ಸಿಗೆ ಹತ್ತಿರವಾದದ್ದು ಇದೇ. 2025ರ ಅಕ್ಟೋಬರ್‌ನಲ್ಲಿ ಪಾಸಾಗಲು ಬೇಕಾದ ಅಂಕವನ್ನು ಶೇ 35ರಿಂದ 33ಕ್ಕೆ ಇಳಿಸುವ ತೀರ್ಮಾನವೂ ಹೊರಬಿತ್ತು. ಅದು ಫಲಿತಾಂಶದ ಶೇಕಡಾವಾರನ್ನು ಎತ್ತಬಹುದು, ಒತ್ತಡವನ್ನು ಎಷ್ಟು ಇಳಿಸುತ್ತದೋ ಹೇಳಲಾಗದು. ಯಾಕೆಂದರೆ ಒತ್ತಡ ಇರುವುದು ಪಾಸಿನ ಗೆರೆಯಲ್ಲಿ ಮಾತ್ರವಲ್ಲ, 600 ಅಂಕದ ಮೇಲೂ ಇದೆ.

ಮನಸ್ಸಿನ ಆರೋಗ್ಯಕ್ಕೆಂದೇ ಇರುವ ವ್ಯವಸ್ಥೆಯೂ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ಸಂಖ್ಯೆ 14416, ಉಚಿತ, ದಿನದ ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೂ ಮಾತಾಡಬಹುದು, ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಹದಿಹರೆಯದವರಿಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಆದರೆ ಟಾಪರ್ ಆದವಳು ಮೊಬೈಲ್ ಮುಟ್ಟಲಿಲ್ಲ ಎಂದು ಹೊಗಳಿಸಿಕೊಳ್ಳುವ ಮನೆಗಳಲ್ಲಿ ಸಹಾಯವಾಣಿಗೆ ಹುಡುಗಿ ಯಾರ ಫೋನಿನಿಂದ ಕರೆ ಮಾಡಬೇಕು? ಫೋನು ಅಪ್ಪನ ಜೇಬಿನಲ್ಲಿ ಅಥವಾ ಅಣ್ಣನ ಕೈಯಲ್ಲಿರುತ್ತದೆ. ಶಾಲೆಯಲ್ಲೇ ಒಬ್ಬ ಆಪ್ತಸಮಾಲೋಚಕಿ ಇದ್ದರೆ ಇದು ಬಗೆಹರಿಯುತ್ತಿತ್ತು. ಸರ್ಕಾರಿ ಪ್ರೌಢಶಾಲೆಗಳಲ್ಲಿ ಆ ಕೆಲಸ ಸಾಮಾನ್ಯವಾಗಿ ವಿಜ್ಞಾನವನ್ನೋ ಹಿಂದಿಯನ್ನೋ ಕಲಿಸುವ ಮೇಡಂ ಒಬ್ಬರ ತಲೆಗೆ ಬೀಳುತ್ತದೆ. ಅವರಿಗೆ ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ, ಗಣತಿಯೂ ಇರುತ್ತದೆ. ಆದರೂ ಎಷ್ಟೋ ಹುಡುಗಿಯರು ಬದುಕಿನ ಮೊದಲ ಗುಟ್ಟನ್ನು ಹೇಳಿಕೊಂಡಿರುವುದು ಇಂಥ ಮೇಡಂಗಳ ಹತ್ತಿರವೇ, ಸ್ಟಾಫ್‌ರೂಮಿನ ಬಾಗಿಲ ಬಳಿ ನಿಂತು.

ಹುಡುಗರಿಗಾದರೂ ಈ ಶೀರ್ಷಿಕೆಯಿಂದ ಉಪಕಾರವಿದೆಯೇ ಎಂದರೆ ಅದೂ ಇಲ್ಲ. 2025ರಲ್ಲಿ ಐವರು ಹುಡುಗರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಫೇಲಾದದ್ದು ಇಲಾಖೆ ನಿದ್ದೆಗೆಡಬೇಕಾದ ಸಂಗತಿ. ಗ್ಯಾರೇಜು, ಗಾರೆ ಕೆಲಸ, ದ್ರಾಕ್ಷಿ ತೋಟ, ಡೆಲಿವರಿ ಬೈಕು ಅವರನ್ನು ತರಗತಿಯಿಂದ ಎಳೆದೊಯ್ಯುತ್ತಿರುವುದರ ಬಗ್ಗೆ ಬೇರೆಯೇ ಲೇಖನ ಬೇಕು. 'ಹೆಣ್ಣುಮಕ್ಕಳದೇ ಮೇಲುಗೈ' ಎಂದ ಕೂಡಲೇ ಅದೊಂದು ಪಂದ್ಯದ ಸ್ಕೋರಾಗಿಬಿಡುತ್ತದೆ, ಸೋತ ತಂಡದ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಪಂದ್ಯವೆಂದೇ ಇಟ್ಟುಕೊಂಡರೆ ಗೆದ್ದವರಿಗೆ ಸಿಕ್ಕಿದ್ದೇನು? ಬೋರ್ಡ್ ಪರೀಕ್ಷೆಗಳಲ್ಲಿ ವರ್ಷಾನುಗಟ್ಟಲೆ ಹುಡುಗಿಯರು ಮುಂದಿದ್ದ ದೇಶದಲ್ಲಿ 2016ರಲ್ಲಿ ಐಐಟಿ ಸೇರಿದವರ ಪೈಕಿ ಹುಡುಗಿಯರು ಶೇ 8ರಷ್ಟಿದ್ದರು. ಮನೆ ಬಿಟ್ಟು ಎರಡು ವರ್ಷ ಕೋಚಿಂಗಿಗೆ ಕಳಿಸುವ ದುಡ್ಡು ಮತ್ತು ಧೈರ್ಯ ಗಂಡುಮಗನ ಪಾಲಿಗೇ ಹೋಗುತ್ತಿತ್ತು. ಕೊನೆಗೆ 2018ರಿಂದ ಅವರಿಗೆಂದೇ ಹೆಚ್ಚುವರಿ ಸೀಟು ಸೃಷ್ಟಿಸಿ, ಎರಡು ವರ್ಷಗಳಲ್ಲಿ ಶೇ 20ಕ್ಕೆ ಮುಟ್ಟಿಸಬೇಕಾಯಿತು. ದುಡಿಮೆಯ ಲೆಕ್ಕದಲ್ಲೂ ಅವರು ಹಿಂದೆಯೇ. 2023-24ರ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ದೇಶದ ಹದಿನೈದು ದಾಟಿದ ಗಂಡಸರಲ್ಲಿ ಶೇ 78.8 ಮಂದಿ ದುಡಿಮೆಯಲ್ಲೋ ಕೆಲಸದ ಹುಡುಕಾಟದಲ್ಲೋ ಇದ್ದರೆ, ಹೆಂಗಸರಲ್ಲಿ ಶೇ 41.7. ಹದಿನಾರಕ್ಕೆ ಮುಂದಿದ್ದವರು ಇಪ್ಪತ್ತಾರಕ್ಕೆ ಎಲ್ಲಿ ಹೋದರು ಎಂಬ ಪ್ರಶ್ನೆ ಪ್ರತಿಭಾ ಪುರಸ್ಕಾರದ ವೇದಿಕೆಯಲ್ಲಿ ಏಳುವುದಿಲ್ಲ.

ಈ ಶೀರ್ಷಿಕೆಯನ್ನು ನಿಷೇಧಿಸಬೇಕಾಗಿಲ್ಲ, ಅದರ ಕೆಳಗಿನ ವರದಿ ಬದಲಾದರೆ ಸಾಕು. ರಾಜ್ಯದ ಪ್ರತಿ ಶಾಲಾ ಮಗುವಿಗೂ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಸಂಖ್ಯೆಯೊಂದಿದೆ. ಮೇ ತಿಂಗಳಲ್ಲಿ ಫೇಲಾದ ಹುಡುಗಿಯರಲ್ಲಿ ಎಷ್ಟು ಮಂದಿ ಪರೀಕ್ಷೆ-2 ಬರೆದರು, ಎಷ್ಟು ಮಂದಿ ಹೆಸರನ್ನೇ ನೋಂದಾಯಿಸಲಿಲ್ಲ, ಪಾಸಾದವರಲ್ಲಿ ಎಷ್ಟು ಮಂದಿ ಜುಲೈ ಹೊತ್ತಿಗೆ ಪಿಯು, ಐಟಿಐ, ಡಿಪ್ಲೊಮಾ ಸೇರಿದ್ದಾರೆ ಎಂಬುದನ್ನು ತಾಲ್ಲೂಕುವಾರು ಎಣಿಸಿ ಕೊಡುವುದು ಇಲಾಖೆಗೆ ಅಸಾಧ್ಯವೇನಲ್ಲ. ಕೇಳುವ ವರದಿಗಾರರು ಬೇಕು. ತೊಂದರೆಯೆಂದರೆ, ಆ ಲೆಕ್ಕ ಸಿದ್ಧವಾಗುವ ಹೊತ್ತಿಗೆ ಸಿಇಟಿ ಮತ್ತು ನೀಟ್ ರ‍್ಯಾಂಕುಗಳು ಪ್ರಕಟವಾಗಿರುತ್ತವೆ, ಪತ್ರಿಕೆಯ ಮುಖಪುಟ ಕೋಚಿಂಗ್ ಸಂಸ್ಥೆಗಳ ಪೂರ್ಣಪುಟ ಜಾಹೀರಾತಿಗೆ ಬುಕ್ ಆಗಿರುತ್ತದೆ.